ನಾಲ್ಕು ಬೆರಳು ಬಟ್ಟೆ

ಮೊನ್ನೆ ಪಕ್ಕದ ಮನೆಯಾಕೆ ತನ್ನ ಮಗಳ ಶಾಲೆಯ ಲಂಗಕ್ಕೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದಳು. ಹೊಸ ಟೆರಿಕಾಟ್ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತಾಗ ಒಂದು ವಾಸನೆ ಏಳುತ್ತದೆ. ಅರ್ಧ ಗಂಜಿಯದು, ಅರ್ಧ ಸುಟ್ಟ ನೂಲಿನದು. ಕಿಟಕಿಯಿಂದ ಅದು ನಮ್ಮ ಪಡಸಾಲೆಗೆ ಬಂತು. ನಾನು ಮೆಂತ್ಯದ ಸೊಪ್ಪು ಸೋಸುತ್ತಾ ಕೂತಿದ್ದೆ. ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಇಪ್ಪತ್ತೈದು ವರ್ಷಗಳ ಮೇಲಾಯಿತು. ಸಿಟ್ಟು ಇಷ್ಟು ವರ್ಷ ಬಾಳುತ್ತದೆಯೇ ಎಂದು ಯಾರಾದರೂ ಕೇಳಿದರೆ, ನನ್ನದು ಬಾಳಿದೆ, ಚೆನ್ನಾಗಿಯೇ ಇದೆ ಎನ್ನುತ್ತೇನೆ.

ನಮ್ಮ ಹರಪನಹಳ್ಳಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿದ ಮರುವರ್ಷ ಅದು. ಊರಿಗೆ ಊರೇ ಹುರುಪಿನಲ್ಲಿತ್ತು. ಇನ್ನು ಮೇಲೆ ನಾವೂ ದೊಡ್ಡ ಊರಿನವರ ಸಾಲಿಗೆ ಸೇರಿದೆವು ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಮಾತು. ಆ ಹುರುಪಿನ ಜೊತೆಗೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಬಂದಿತ್ತು. ಹಳೆಯ ಹತ್ತಿ ಗೋದಾಮಿಗೆ ಹಳದಿ ಬಣ್ಣ ಬಳಿದು ಶುರು ಮಾಡಿದ್ದರು. ಮೊದಲ ವರ್ಷ ಮಕ್ಕಳು ಸಿಕ್ಕರೆ ಸಾಕು ಎಂದು ಕೇಳಿದವರಿಗೆಲ್ಲ ಸೀಟು ಕೊಟ್ಟರು, ಮಕ್ಕಳು ಬಣ್ಣದ ಬಟ್ಟೆಯಲ್ಲೇ ಬಂದರು. ಎರಡನೇ ವರ್ಷ ಹತ್ತಿರದ ಹಳ್ಳಿ ತೆಲಿಗಿಯ ಕಡೆಗೆ ವ್ಯಾನು ಹೋಗತೊಡಗಿತು, ಯೂನಿಫಾರಂ ಬಂತು, ಜೊತೆಗೆ ತಂದೆ ತಾಯಿಗಳ ಸಂದರ್ಶನವೂ ಬಂತು. ಶಾಲೆಯ ಹೆಡ್ ಮೇಡಂ ದಾವಣಗೆರೆಯವರು. ಅವರ ಹೆಸರು ಬರೆದು ಈ ಹಾಳೆ ಹೊಲಸು ಮಾಡುವುದಿಲ್ಲ, ಮೇಡಂ ಎಂದರೆ ಸಾಕು.

ನಾನು ಕೊಟ್ರಮ್ಮ, ಲೇಡೀಸ್ ಟೇಲರ್. ನಮ್ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳ ತೂಗುತ್ತಿದ್ದರು. ಒಬ್ಬಳೇ ಮಗಳು ಚೈತ್ರಾ, ಆ ಜೂನಿಗೆ ಒಂದನೇ ಕ್ಲಾಸಿಗೆ ಹೋಗಬೇಕಾದವಳು. ನಾನು ಓದಿದ್ದು ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಏಳನೆಯತನಕ. ಆಮೇಲೆ ಹೊಲಿಗೆ ಕಲಿತೆ. ಶಾಲೆಯಲ್ಲಿ ಕಲಿತದ್ದು ಮರೆತಿತ್ತು, ನನಗೆ ಗೊತ್ತಿದ್ದ ಇಂಗ್ಲಿಷು ಏಳೇ ಶಬ್ದ: ಚೆಸ್ಟು, ವೇಸ್ಟು, ಹಿಪ್ಪು, ಶೋಲ್ಡರು, ಸ್ಲೀವು, ಕಾಲರು, ಲೆಂತು. ಹೊಲಿಗೆ ಪರೀಕ್ಷೆಯ ದಿನ ಇಂಗ್ಲಿಷಿನ ಕಾಗದ ಕೈಗಿಟ್ಟಾಗ ಕೈ ಬೆವರಿ ಕಾಗದ ಒದ್ದೆಯಾಗಿತ್ತು. ನನ್ನ ಮಗಳಿಗೆ ಹಾಗೆ ಆಗಕೂಡದು ಎಂದು ಅವಳು ಹುಟ್ಟಿದ ದಿನವೇ ತೀರ್ಮಾನ ಮಾಡಿದ್ದೆ. ಅವಳು ಇಂಗ್ಲಿಷ್ ಶಾಲೆಗೇ ಹೋಗಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಏಪ್ರಿಲಿನಲ್ಲಿ ಮೇಡಂ ತಾವೇ ನಮ್ಮ ಮನೆಗೆ ಬಂದರು. ಗಂಡುಮಕ್ಕಳ ಚಡ್ಡಿ ಪೇಟೆಯ ಟೇಲರಿಗೆ, ನಲವತ್ತು ಹೆಣ್ಣುಮಕ್ಕಳ ಲಂಗ ನನಗೆ ಎಂದರು. ದಾವಣಗೆರೆಯಿಂದ ಬದನೆಕಾಯಿ ಬಣ್ಣದ ಬಟ್ಟೆಯ ತಾನು ಬಂದು ನಮ್ಮ ಪಡಸಾಲೆಯಲ್ಲಿ ಬಿತ್ತು. ಚೈತ್ರಾ ಅದರ ಮೇಲೆ ಕೈಯಾಡಿಸುತ್ತಿದ್ದಳು. ಮೇಡಂ ಅವಳ ಗಲ್ಲ ಹಿಡಿದು, "ಇವಳದೇನು ಯೋಚನೆ ಮಾಡಬೇಡಿ ಕೊಟ್ರಮ್ಮ, ನಮ್ಮಲ್ಲೇ ಸೇರಿಸಿಬಿಡಿ" ಎಂದರು. ನಾನು ಆ ಮಾತನ್ನು ನಂಬಿದೆ. ನಂಬಿ ಮಾಡಿದ ತಪ್ಪು ಎಂದರೆ, ಎಲ್ಲರಿಗಿಂತ ಮೊದಲು ನನ್ನ ಮಗಳ ಲಂಗವನ್ನೇ ಕತ್ತರಿಸಿ ಹೊಲಿದದ್ದು. ಅಷ್ಟೂ ಸಾಲದೆಂದು ಸಂದರ್ಶನದ ದಿನ ಅದನ್ನೇ ಉಡಿಸಿ ಕರೆದುಕೊಂಡು ಹೋದದ್ದು.

ಮೇ ತಿಂಗಳ ಕೊನೆ, ಹೊಲಿಗೆ ಮಷಿನ್ನಿನ ಕಬ್ಬಿಣ ಮುಟ್ಟಲಾಗದಂಥ ಬಿಸಿಲು. ನಮ್ಮನೆಯವರು ಯಾರ್ಡಿನಿಂದ ನೇರ ಬಂದಿದ್ದರು, ಹುಬ್ಬಿನ ಮೇಲೆ ಜೋಳದ ದೂಳು. ಮೇಡಂ ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಚೈತ್ರಾ ಗಂಟಲು ಬಿಚ್ಚಿ ಹೇಳಿದಳು. ಎ ಬಿ ಸಿ ಡಿ ಬರೆ ಎಂದರು, ಕೊನೆಯತನಕ ಬರೆದಳು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಗೆ ಎರಡು ರವಿಕೆ ಹೊಲಿದುಕೊಟ್ಟು ಅವಳಿಂದ ಕಲಿಸಿದ್ದೆ. ಆಮೇಲೆ ಮೇಡಂ ಒಂದು ಡೈರಿ ತೆಗೆದು ನಮ್ಮ ಕಡೆ ತಳ್ಳಿದರು. "ಇದನ್ನ ಓದಿ ಹೇಳಿ, ದಿನಾ ಮನೆಗೆ ಹೀಗೇ ಬರೆದು ಕಳಿಸ್ತೀವಿ" ಎಂದರು. ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಡೈರಿ ನೋಡಿದೆ. ಅದರಲ್ಲಿ ನನ್ನ ಏಳು ಶಬ್ದಗಳಲ್ಲಿ ಒಂದೂ ಇರಲಿಲ್ಲ.

"ಮಗು ಚುರುಕಿದೆ" ಎಂದರು ಮೇಡಂ. "ಆದರೆ ಮನೇಲಿ ಹೇಳಿಕೊಡೋರು ಬೇಕಲ್ಲ. ನಿಮ್ಮ ಇಂಗ್ಲಿಷು ಲಂಗ ಹೊಲಿಯೋಕೆ ಸಾಕು ಕೊಟ್ರಮ್ಮ, ಮಗು ಓದಿಸೋಕೆ ಸಾಲಲ್ಲ."

ನಾನು ಏನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಡೈರಿ ಮುಚ್ಚುತ್ತಾ, "ಲಂಗ ಎಲ್ಲಾ ಜೂನ್ ಮಧ್ಯದಲ್ಲಿ ಶಾಲೆ ಶುರು ಆಗೋದ್ರೊಳಗೆ ಸಿಗ್ತಾವಲ್ಲ?" ಎಂದು ಕೇಳಿದರು. ನಾವು ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಕರೆದರು. ಈ ಸಲ ನನ್ನನ್ನಲ್ಲ, ಮಗುವನ್ನು. "ಪುಟ್ಟಿ, ಅದು ನಮ್ಮ ಯೂನಿಫಾರಂ. ಹೊರಗಿನ ಮಕ್ಕಳು ಹಾಕಬಾರದು. ಮನೆಗೆ ಹೋಗಿ ಬಿಚ್ಚಿ ಅಮ್ಮನ ಕೈಲಿ ಕೊಡು, ಒಗೆದು ಇಸ್ತ್ರಿ ಮಾಡಲಿ. ಗೊಬ್ಬರದಂಗಡಿಯವರ ಮಗಳಿಗೆ ಸರಿಹೋಗುತ್ತೆ."

ಮನೆಗೆ ಬಂದ ಚೈತ್ರಾ ತಾನೇ ಲಂಗ ಬಿಚ್ಚಿ, ಮಡಚಿ, ಮಷಿನ್ನಿನ ಮೇಲೆ ಇಟ್ಟಳು. ಆ ಲಂಗಕ್ಕೆ ನೀರು ಚಿಮುಕಿಸಿ ಇಸ್ತ್ರಿ ಹಾಕುವಾಗ ಎದ್ದ ವಾಸನೆಯನ್ನೇ ನಾನು ಮೇಲೆ ಹೇಳಿದ್ದು. ಇಸ್ತ್ರಿ ಹಾಕಿ, ಗೊಬ್ಬರದಂಗಡಿಯವರ ಮನೆಗೆ ನಾನೇ ಕೊಟ್ಟು ಬಂದೆ. ಅವರು ಕೂತು ಹೋಗಿ ಎಂದು ಚಹಾ ಕೊಟ್ಟರು, ಕುಡಿದೆ.

ಜೂನಿನಲ್ಲಿ ಮಿರುಗದ ಮಳೆಯ ಮೊದಲ ಹನಿ ಬಿದ್ದ ದಿನ ಚೈತ್ರಾಳನ್ನು ಓಣಿಯ ಶಾಲೆಗೆ ಕರೆದುಕೊಂಡು ಹೋದೆ. ಅಲ್ಲಿನ ಸಂದರ್ಶನ ಬೇರೆಯದು. ಹೆಡ್ ಮೇಷ್ಟ್ರು, "ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟವ್ವಾ" ಎಂದರು. ಮುಟ್ಟಿದಳು. "ಮುಟ್ಟಿದ್ಲು, ಮುಗೀತು" ಎಂದು ಹೆಸರು ಬರೆದುಕೊಂಡರು. ಒಂದೇ ಕೋಣೆಯಲ್ಲಿ ಎರಡು ಕ್ಲಾಸು, ಗೋಡೆಯ ಮೂಲೆಯಲ್ಲಿ ಹಂಚು ಸೋರುವ ಕಡೆ ಒಂದು ಬಕೆಟ್ಟು. ನಾನು ಓದುವಾಗಲೂ ಅದೇ ಮೂಲೆ ಸೋರುತ್ತಿತ್ತು. ಮಗಳ ಕೈ ಬಿಟ್ಟು ಹೊರಗೆ ಬಂದವಳು ಬೇವಿನ ಮರದ ಕೆಳಗೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅತ್ತು ಮನೆಗೆ ಬಂದು ಕತ್ತರಿ ಸಾಣೆ ಹಿಡಿಸಿದೆ.

ಇಲ್ಲಿ ನಮ್ಮ ಕಡೆಯ ಹೊಲಿಗೆಯ ಒಂದು ರೀತಿ ಹೇಳಬೇಕು. ಮಕ್ಕಳ ಬಟ್ಟೆಗೆ ನಾವು ಅಳತೆಯಷ್ಟೇ ಹೊಲಿಯುವುದಿಲ್ಲ. ಲಂಗದ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತೇವೆ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿದರೆ ಒಂದು ಲಂಗ ಎರಡು ವರ್ಷ ಬರುತ್ತದೆ. ಯಾವ ತಾಯಿ ಬಂದರೂ "ಬೆಳೆಯೋ ಹುಡುಗಿ, ಒಳಗ ಬಟ್ಟಿ ಬಿಡಕ್ಕಾ" ಎನ್ನದೆ ಹೋಗುವುದಿಲ್ಲ. ಕತ್ತರಿಸುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸುವುದೂ ಹಾಗೆಯೇ, ಕುಗ್ಗುವುದು ಮೊದಲೇ ಕುಗ್ಗಲಿ ಎಂದು. ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಯಾರೂ ಬಿಚ್ಚಿ ನೋಡುವುದೂ ಇಲ್ಲ. ಟೇಲರ್ ಬಿಟ್ಟಿರುತ್ತಾಳೆ ಎಂಬ ನಂಬಿಕೆ.

ನಾನು ಬಿಡಲಿಲ್ಲ. ಬಟ್ಟೆಯನ್ನು ನೀರಿಗೂ ಹಾಕಲಿಲ್ಲ. ಮೊಣಕಾಲು ಮುಚ್ಚುವಷ್ಟಕ್ಕೆ ಸರಿಯಾಗಿ, ಒಳಗೆ ಒಂದೇ ಬೆರಳು ಮಡಚಿ, ನಲವತ್ತು ಲಂಗ ಹೊಲಿದೆ. ಗೊಬ್ಬರದಂಗಡಿಯವರ ಮನೆಗೆ ಕೊಟ್ಟದ್ದನ್ನೂ ಗುಂಡಿ ಬಲವಿಲ್ಲ ಎಂದು ನೆಪ ಹೇಳಿ ತರಿಸಿ ಕತ್ತರಿಸಿದೆ. ಅಂಥ ಅಚ್ಚುಕಟ್ಟಾದ ಹೊಲಿಗೆ ನನ್ನ ಕೈಯಿಂದ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಮ್ಮನೆಯವರು ಒಂದು ಲಂಗದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ತೂಕದವರ ಕೈ, ಕಡಿಮೆಯಾದದ್ದು ಅವರಿಗೆ ತಕ್ಷಣ ತಿಳಿಯುತ್ತದೆ.

"ಲೇ ಕೊಟ್ರಿ, ಮಕ್ಳು ಏನ್ ಮಾಡ್ಯಾವ ನಿನಗ?"

"ನಮ್ ಮಗಳೇನ್ ಮಾಡಿದ್ಲು ಆಕಿಗೆ?" ಎಂದೆ. ಅವರು ಲಂಗ ಕೆಳಗಿಟ್ಟು ಎದ್ದು ಹೋದರು.

ತಾನಿನ ಕೊನೆಗೆ ಐದು ಮೀಟರಿನ ಹತ್ತಿರ ಬಟ್ಟೆ ಉಳಿಯಿತು. ಅದನ್ನು ಇಟ್ಟುಕೊಳ್ಳಲಿಲ್ಲ, ಕಳ್ಳಿ ಅನ್ನಿಸಿಕೊಳ್ಳುವ ದರ್ದು ನನಗಿರಲಿಲ್ಲ. ಸುತ್ತಿ, ಲಂಗಗಳ ಗಂಟಿನ ಮೇಲಿಟ್ಟು ಮೇಡಂ ಕೈಗೇ ಕೊಟ್ಟೆ. ಅವರಿಗೆ ಎಲ್ಲಿಲ್ಲದ ಖುಷಿ. "ಇಷ್ಟು ಉಳಿಸಿದ್ದೀರಾ! ಬೇರೆ ಟೇಲರುಗಳು ಒಂದು ಗೇಣು ವಾಪಸ್ ಕೊಡಲ್ಲ" ಎಂದು ಇಬ್ಬರು ಟೀಚರುಗಳ ಎದುರಿಗೇ ಹೊಗಳಿದರು. ವಾರದೊಳಗೆ ಆ ಬಟ್ಟೆ ಅವರ ಆಫೀಸಿನ ಎರಡು ಕಿಟಕಿಗೂ ಬಾಗಿಲಿಗೂ ಪರದೆಯಾಗಿ ತೂಗಿತು. ರಸ್ತೆಯಲ್ಲಿ ಹೋಗುವಾಗ ಕಾಣುತ್ತಿತ್ತು. ನಾನು ದಿನಾ ಆ ರಸ್ತೆಯಲ್ಲೇ ಹೋಗತೊಡಗಿದೆ.

ಆ ವರ್ಷ ಮಳೆ ಹದವಾಗಿ ಬಂತು. ಆಷಾಢದ ಗಾಳಿ ಬೀಸಿತು, ಮೆಕ್ಕೆಜೋಳ ಆಳೆತ್ತರ ಎದ್ದಿತು, ದೀಪಾವಳಿಯ ಹೊತ್ತಿಗೆ ಯಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರೂ ಬೆಳೆ ನೋಡುತ್ತಿದ್ದರೆ ನಾನು ಹುಡುಗಿಯರ ಮೊಣಕಾಲು ನೋಡುತ್ತಿದ್ದೆ. ಶಾಲೆಯ ವ್ಯಾನು ನಮ್ಮ ಓಣಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ಗಣಪತಿ ಹಬ್ಬಕ್ಕೆ ಲಂಗ ಮೊಣಕಾಲ ಚಿಪ್ಪಿನ ಮೇಲೆ ಕೂತಿತ್ತು, ದೀಪಾವಳಿಗೆ ಚಿಪ್ಪು ಪೂರ್ತಿ ಹೊರಗೆ ಬಂತು. ಒಂದೊಂದು ಒಗೆತಕ್ಕೂ ಬಟ್ಟೆ ಕುಗ್ಗಿತು, ಒಂದೊಂದು ತಿಂಗಳಿಗೂ ಮಕ್ಕಳು ಬೆಳೆದರು. ನನಗೆ ಆಗುತ್ತಿದ್ದ ಸಂತೋಷಕ್ಕೆ ನಾಚಿಕೆಯೇನೂ ಆಗುತ್ತಿರಲಿಲ್ಲ. ಮಧ್ಯಾಹ್ನ ಒಬ್ಬಳೇ ಕೂತು ಉಣ್ಣುವಾಗ ನೆನೆಸಿಕೊಂಡು ನಗುತ್ತಿದ್ದೆ.

ಚೈತ್ರಾ ಓಣಿಯ ಶಾಲೆಯಲ್ಲಿ ಮಗ್ಗಿ ಕಲಿತಳು, ಹಾಡು ಕಲಿತಳು. ಇಂಗ್ಲಿಷು ಅಲ್ಲಿ ಐದನೆಯ ಕ್ಲಾಸಿಗೆ. ಸಂಜೆ ವ್ಯಾನಿನಿಂದ ಇಳಿಯುವ ಹುಡುಗಿಯರ ಪುಸ್ತಕ ಇಸಿದುಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಚಿತ್ರ ನೋಡುತ್ತಾಳೆ ಎಂದುಕೊಂಡೆ. ನನ್ನ ಕಣ್ಣು ಬೇರೆಯವರ ಮಕ್ಕಳ ಕಾಲಿನ ಮೇಲಿತ್ತು.

ಸಂಕ್ರಾಂತಿ ಕಳೆದ ವಾರ ಮೇಡಂ ಕಟ್ಟುನಿಟ್ಟು ಶುರು ಮಾಡಿದರು. ಮೊಣಕಾಲು ಕಾಣುವ ಲಂಗ ಹಾಕಿದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಮೊದಲ ದಿನವೇ ಹನ್ನೊಂದು ಹುಡುಗಿಯರು ವಾಪಸ್ಸು. ಅವರ ತಾಯಂದಿರು ಲಂಗ ಹಿಡಿದು ನಮ್ಮ ಮನೆಗೆ ಬಂದರು, ಬಿಚ್ಚಿ ಇಳಿಸಿಕೊಡು ಎಂದು. ನಾನು ಎಲ್ಲರೆದುರಿಗೆ ಹೊಲಿಗೆ ಬಿಚ್ಚಿ ತೋರಿಸಿದೆ.

"ಬಟ್ಟಿ ಎಲ್ಲೈತ್ರಿ ಇಳಿಸಾಕ? ಮಿಕ್ಕಿದ್ದೆಲ್ಲಾ ಮೇಡಂ ಕೈಯಾಗ ಕೊಟ್ಟೀನಿ. ಬೇಕಾದ್ರ ಅವರ ಕಿಟಕಿಗೆ ನೋಡ್ರಿ, ತೂಗಾಕ ಹತ್ತೈತಿ."

ಬಾಯಿಂದ ಬಾಯಿಗೆ ಮಾತು ಹರಡಿತು. ನಮ್ಮ ಮಕ್ಕಳ ಲಂಗದ ಬಟ್ಟೆ ಉಳಿಸಿ ಆಕೆ ಪರದೆ ಹೊಲಿಸಿಕೊಂಡಿದ್ದಾಳಂತೆ ಎಂದು ಪೇಟೆಯ ತುಂಬ ಆಯಿತು. ಇಷ್ಟಕ್ಕೆ ನಿಂತಿದ್ದರೆ ನಾನು ಪೂರ್ತಿ ಗೆದ್ದಂತಾಗುತ್ತಿತ್ತು.

ಮರುದಿನ ತೆಲಿಗಿಯ ಹನುಮಕ್ಕ ಬಂದಳು. ಕೂಲಿ ಮಾಡುವಾಕೆ, ಮೊದಲಿನಿಂದಲೂ ನನ್ನ ಕಡೆಯೇ ಬಟ್ಟೆ ಹೊಲಿಸುವಾಕೆ. ಮೊದಲ ವರ್ಷ ಎಲ್ಲರಿಗೂ ಸೀಟು ಕೊಟ್ಟಾಗ ತನ್ನ ಮಗಳನ್ನೂ ಸೇರಿಸಿದ್ದಳು. ಬೇಸಿಗೆಯಲ್ಲಿ ಆ ಹುಡುಗಿಯ ಅಳತೆಯನ್ನೂ ನಾನೇ ತೆಗೆದಿದ್ದೆ, ತೆಗೆಯುವಾಗ ಅದು ಯಾರ ಮಗು ಎಂದು ಮುಖ ನೋಡಿರಲಿಲ್ಲ. ಹನುಮಕ್ಕ ಲಂಗದ ಹೊಲಿಗೆ ಬಿಚ್ಚಿಸಿ ನೋಡಿ, ಉಳಿದವರಂತೆ ಮೇಡಂಗೆ ಬೈಯಲಿಲ್ಲ. ನೆಲದ ಮೇಲೆ ಕೂತು ಅಂಚನ್ನು ಎರಡು ಸಲ ತಿರುವಿದಳು.

"ನೀ ಯಾವತ್ತೂ ಬಟ್ಟಿ ಬಿಡಾಕಿ ಅಲ್ಲೇನಕ್ಕಾ? ಇದಕ್ಕ ಯಾಕ ಬಿಟ್ಟಿಲ್ಲ?"

ಊರಿನ ಜಾಣೆಯರು ಯಾರೂ ಕೇಳದ ಪ್ರಶ್ನೆ ಅದು. ಮುಖಕ್ಕೆ ರಕ್ತ ನುಗ್ಗಿತು. ಮೇಡಂ ಮುಂದೆ ಡೈರಿ ಹಿಡಿದು ಕೂತಾಗ ಆದ ಅವಮಾನಕ್ಕಿಂತ ಇದು ಹೆಚ್ಚಾಗಿತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ, ಅವತ್ತು ಒಪ್ಪಲಿಲ್ಲ. ಆ ಬಣ್ಣದ ಬಟ್ಟೆ ಹರಪನಹಳ್ಳಿಯ ಯಾವ ಅಂಗಡಿಯಲ್ಲೂ ಇರಲಿಲ್ಲ.

"ಇದ ಬಣ್ಣದ ಬಟ್ಟಿ ಒಂದಾ ಕಡಿ ಐತಿ ಹನುಮಕ್ಕ, ಆಫೀಸಿನ ಕಿಟಕಿಗೆ" ಎಂದೆ. "ತಂದ್ರ ಈಗಿಂದೀಗ ಜೋಡಿಸಿ ಕೊಡ್ತೀನಿ."

ಬಾಯಿಗೆ ಬಂದದ್ದನ್ನು ಹೇಳಿದ್ದೆ ಅಷ್ಟೇ. ಆಕೆ ಎದ್ದಳು, ಮಗಳ ಕೈ ಹಿಡಿದಳು, ಹೋದಳು. ಅರ್ಧ ಗಂಟೆಗೆ ತಿರುಗಿ ಬಂದಾಗ ಅವಳ ಕಂಕುಳಲ್ಲಿ ಬದನೆಕಾಯಿ ಬಣ್ಣದ ಗಂಟು ಇತ್ತು, ಪರದೆಯ ಬಳೆಗಳು ಇನ್ನೂ ಅದಕ್ಕೇ ಸಿಕ್ಕಿಕೊಂಡು ಸದ್ದು ಮಾಡುತ್ತಿದ್ದವು. ಅವಳ ಹಿಂದೆ ಆರೇಳು ಮಂದಿ ತಾಯಂದಿರು.

"ಕೇಳಲಿಲ್ಲಕ್ಕಾ. ಕುರ್ಚಿ ಹತ್ತಿ ಬಿಚ್ಚಿಕಂಡೆ. ಆಕಿ ಪೊಲೀಸ್ರನ್ನ ಕರಸ್ತೀನಿ ಅಂದ್ಲು. ಕರಸು, ನನ್ ಮಗಳ ಲಂಗದ ಬಟ್ಟಿ ಇದು, ನಿನ್ ಕಿಟಕಿಗೆ ಯಾಕ ಬಂತು ಅಂತ ಅವರ ಮುಂದಾ ಕೇಳ್ತೀನಿ ಅಂದೆ" ಎಂದಳು ಹನುಮಕ್ಕ.

ಎರಡು ದಿನ ನನ್ನ ಮಷಿನ್ನು ನಿಲ್ಲಲಿಲ್ಲ. ಮೊದಲು ಹನುಮಕ್ಕನ ಮಗಳದು, ಆಮೇಲೆ ಉಳಿದವರದು. ನಲವತ್ತು ಲಂಗಗಳ ಕೆಳಗೂ ಮೂರು ಮೂರು ಬೆರಳು ಪಟ್ಟಿ ಜೋಡಿಸಿದೆ. ಏಳು ತಿಂಗಳು ಬಿಸಿಲಿಗೆ ತೂಗಿದ್ದ ಪರದೆ ಮಾಸಿ ಗುಲಾಬಿಗೆ ತಿರುಗಿತ್ತು. ಹಾಗಾಗಿ ವರ್ಷ ಮುಗಿಯುವತನಕ ಆ ಶಾಲೆಯ ಪ್ರತಿ ಹುಡುಗಿಯ ಲಂಗದ ಕೆಳಗೂ ಒಂದು ಮಾಸಿದ ಪಟ್ಟಿ. ವ್ಯಾನಿನಿಂದ ಇಳಿಯುವಾಗ ಜನ ನೋಡಿ, "ಪರದಿ ಸಾಲಿ ಮಕ್ಳು ಬಂದ್ವು" ಎನ್ನುತ್ತಿದ್ದರು. ನಾನು ಕೇಳಿದ್ದಕ್ಕಿಂತ ಹೆಚ್ಚೇ ದಕ್ಕಿತ್ತು. ಹನುಮಕ್ಕ ಮಾತ್ರ ಅದಾದ ಮೇಲೆ ನನ್ನ ಕಡೆ ಬಟ್ಟೆ ಹೊಲಿಸಲಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದಳು, ಅಷ್ಟೇ.

ಮಾರ್ಚಿನಲ್ಲಿ, ಪರೀಕ್ಷೆ ಇನ್ನೂ ಮುಗಿಯದಿದ್ದಾಗ, ಒಂದು ಸಂಜೆ ಮೇಡಂ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಮೊದಲ ಸಲ ಹಾಗೆ ಬಿಟ್ಟಿರಲಿಲ್ಲ. ಹನ್ನೆರಡು ಮಕ್ಕಳು ಶಾಲೆ ಬಿಡುತ್ತೇವೆ ಎಂದಿದ್ದಾರೆ, ಉಳಿದವರು ಮುಂದಿನ ವರ್ಷದ ಬಟ್ಟೆ ಕೊಟ್ರಮ್ಮನೇ ಹೊಲಿಯಬೇಕು, ಬೇರೆಯವರನ್ನು ನಂಬುವುದಿಲ್ಲ ಎನ್ನುತ್ತಿದ್ದಾರೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಆಮೇಲೆ, "ಚೈತ್ರಾಗೆ ಎರಡನೇ ಕ್ಲಾಸಿಗೆ ಸೀಟು ಇಟ್ಟಿದ್ದೀನಿ ಕೊಟ್ರಮ್ಮ. ಸಂದರ್ಶನ ಏನೂ ಬೇಡ. ಇಂಗ್ಲಿಷು ನಾನೇ ಹೇಳಿಕೊಡ್ತೀನಿ, ಸಂಜೆ ಒಂದು ಗಂಟೆ" ಎಂದರು.

ಅಂಥ ಗಳಿಗೆಗಾಗಿ ನಾನು ಹತ್ತು ತಿಂಗಳು ಕಾದಿದ್ದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಬ್ಯಾಡ್ರಿ. ನಮ್ ಮನಿಯಾಗ ಹೇಳಿಕೊಡೋರು ಇಲ್ಲ. ನಿಮ್ ಸಾಲಿ ಹೆಸರು ಕೆಡ್ತೈತಿ" ಎಂದೆ. "ನನ್ ಮಗಳು ನಿಮ್ ಗೇಟಿನಾಗ ಕಾಲಿಡಲ್ಲ. ನಿಮ್ ಲಂಗನೂ ನಾ ಮುಟ್ಟಲ್ಲ. ಹೋಗಿಬರ್ರಿ."

ಅವರ ಮುಖ ಸಣ್ಣದಾದದ್ದನ್ನು ಕಣ್ಣು ತುಂಬ ನೋಡಿದೆ. ಚಪ್ಪಲಿ ಮೆಟ್ಟುವಾಗ ಒಂದು ಕಾಲು ತಡವರಿಸಿತು, ಅದನ್ನೂ ನೋಡಿದೆ. ಬದುಕಿನಲ್ಲಿ ಅಷ್ಟು ತಂಪು ನನ್ನ ಎದೆಗೆ ಮತ್ತೆ ಆಗಿಲ್ಲ, ಸುಳ್ಳು ಯಾಕೆ ಹೇಳಲಿ. ಬಾಗಿಲು ಮುಂದೆ ಮಾಡಿ ತಿರುಗಿದರೆ, ಅಡುಗೆಮನೆಯ ಹೊಸ್ತಿಲಲ್ಲಿ ಚೈತ್ರಾ ನಿಂತಿದ್ದಳು.

"ಕೇಳಿಸಿಕಂಡ್ಯಾ? ಹೆಂಗ ಕಳಿಸಿದೆ ನೋಡು ಆಕಿನ್ನ" ಎಂದೆ.

"ನನ್ನ ಯಾಕ ಕೇಳಲಿಲ್ಲ?" ಎಂದಳು.

"ನಿನ್ನ ಏನ್ ಕೇಳೋದು?"

"ಹೋಗ್ತೀಯೇನು ಅಂತ."

"ಕೇಳಿದ್ರ ಏನಂತಿದ್ದಿ?"

"ಹೋಗ್ತೀನಿ ಅಂತಿದ್ದೆ."

ನನಗೆ ಮೈ ಉರಿಯಿತು. "ಅಷ್ಟು ಅವಮಾನ ಮಾಡಿದ ಸಾಲಿಗೆ ಹೋಗ್ತಿದ್ದ್ಯಾ? ಸಿಟ್ಟು ಬರಲ್ಲೇನಾ ನಿನಗ?"

"ಬಂದೈತಿ. ಅದಕ್ಕಾ ಹೋಗ್ತಿದ್ದೆ" ಎಂದಳು. ಆರು ವರ್ಷದ ಹುಡುಗಿ, ಕಣ್ಣಲ್ಲಿ ನೀರಿರಲಿಲ್ಲ. "ಅಲ್ಲೇ ಕುಂತು, ಎಲ್ಲಾರಿಗಿಂತ ಮುಂದ ಬಂದು, ಆಕಿ ಮುಂದ ನಿಂತಕಂಡು ನಾನಾ ತೋರಿಸ್ತಿದ್ದೆ. ಆಕಿ ಬಿಚ್ಚು ಅಂದಿದ್ದು ನನಗ. ನಿನಗಲ್ಲ."

ನಾನು ಮಷಿನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ವರ್ಷವಿಡೀ ಅವಳು ಕಟ್ಟೆಯ ಮೇಲೆ ಕೂತು ಇಸಿದುಕೊಂಡ ಪುಸ್ತಕಗಳಲ್ಲಿ ಏನು ನೋಡುತ್ತಿದ್ದಳು ಎಂದು ಅವತ್ತು ತಿಳಿಯಿತು. ಓಡಿಹೋಗಿ ಮೇಡಂನ ಕರೆಯಬಹುದಿತ್ತು, ಆಕೆ ಇನ್ನೂ ಓಣಿಯ ತಿರುವು ದಾಟಿರಲಿಲ್ಲ. ನಾನು ಏಳಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದು ಜಡೆ ಹಾಕಲು ಕರೆದೆ. ಚೈತ್ರಾ ಬಾಚಣಿಗೆ, ರಿಬ್ಬನ್ನು ತೆಗೆದುಕೊಂಡು ನನ್ನನ್ನು ದಾಟಿ ಹೋಗಿ ಅಪ್ಪನ ಮುಂದೆ ಬೆನ್ನು ಮಾಡಿ ಕೂತಳು. ಮೂಟೆ ಎತ್ತುವ ಆ ದಪ್ಪ ಬೆರಳುಗಳಿಗೆ ಜಡೆ ಹೆಣೆಯಲು ಎಲ್ಲಿ ಬರಬೇಕು. ಅವರು ಕೂದಲನ್ನು ಒಟ್ಟು ಹಿಡಿದು ಹೇಗೋ ಒಂದು ಗಂಟು ಹಾಕಿದರು. ಅವಳು ಹೊಸ್ತಿಲು ದಾಟುವ ಮೊದಲೇ ಅದು ಸಡಿಲಾಯಿತು. ನಾನು ಬಾ ಎಂದು ಕೈ ಚಾಚಿದೆ. ಅವಳು ರಿಬ್ಬನ್ನನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಕೆದರಿದ ತಲೆಯಲ್ಲೇ ಓಣಿಯ ಶಾಲೆಗೆ ಹೋದಳು.